ಗೌಡ್ತಿಯ ಗಂಟಲು

ಪೆಟ್ರೋಲಿಗೆ ಆಯಿಲ್ ಬೆರೆಸಿದಾಗ ಒಂದು ವಾಸನೆ ಹುಟ್ಟುತ್ತದೆ. ಬರೀ ಪೆಟ್ರೋಲಿನ ಹಾಗೆ ಮೂಗಿಗೆ ಚುಚ್ಚುವುದಿಲ್ಲ. ಒಂದಿಷ್ಟು ಸಿಹಿ, ಒಂದಿಷ್ಟು ಜಿಡ್ಡು, ಗಂಟಲ ಹಿಂದೆ ಹೋಗಿ ಕೂತುಬಿಡುತ್ತದೆ. ಮೊನ್ನೆ ನಮ್ಮ ಬೀದಿಯ ಕೊನೆಗೆ, ಕರೆಂಟಿನ ತಂತಿಗೆ ತಾಗುತ್ತಿದ್ದ ಹೊಂಗೆಯ ಕೊಂಬೆ ಕೊಯ್ಯಲು ಬಂದವರು ಮಷೀನು ಶುರು ಮಾಡಿದಾಗ ಆ ಹೊಗೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಒಗ್ಗರಣೆ ಸೀದದ್ದು ನನಗೆ ಗೊತ್ತಾಗಲಿಲ್ಲ. ಮಷೀನು ತೆಳ್ಳಗೆ ಕಿರುಚುತ್ತಿತ್ತು. ಆ ಸ್ಕ್ರೂ ಒಂದಿಷ್ಟು ಸಡಿಲ ಮಾಡ್ರಪ್ಪಾ, ಇಲ್ಲದಿದ್ದರೆ ಸತ್ತೇ ಹೋಗುತ್ತದೆ ಅದು, ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ನನ್ನ ಕಿವಿಯನ್ನು ನಂಬಿ ಕೆಟ್ಟವರು ಒಬ್ಬರಿದ್ದಾರೆ, ಅಷ್ಟು ಸಾಕು.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆಯಿತ್ತು. ಈಗ ಅಲ್ಲಿ ಮೂರು ಮಳಿಗೆಗಳಿವೆ. ನಮ್ಮ ಪಡಸಾಲೆ ಇದ್ದ ಜಾಗದಲ್ಲಿ ಯಾರೋ ಮೊಬೈಲ್ ಕವರು ಮಾರುತ್ತಾರೆ. ನೀವೂ ಇಂಥದೊಂದು ಮನೆ ಕಳೆದುಕೊಂಡವರಾದರೆ ನಿಮಗೆ ಗೊತ್ತಿರುತ್ತದೆ, ಗೋಡೆಗಿಂತ ಹೆಚ್ಚು ನೆನಪಾಗುವುದು ಗೋಡೆಗೆ ನೇತುಹಾಕಿದ್ದು. ಬೇರೆಯವರ ಮನೆಯಲ್ಲಿ ದೇವರು, ಗುರುಗಳು, ತೀರಿಹೋದ ಹಿರಿಯರು ಇರುತ್ತಿದ್ದರು. ನಮ್ಮ ಪಡಸಾಲೆಯ ತುಂಬ ಮರ ಕೊಯ್ಯುವ ಹಳೆಯ ಮಷೀನುಗಳು. ಎಸ್ಟೇಟುಗಳಲ್ಲಿ ಕಾಲು ಶತಮಾನ ದುಡಿದು, ಕೆಟ್ಟು, ಮೂಲೆ ಸೇರಿದ ಚೈನ್ ಗರಗಸಗಳು. ಕೆಂಪು ಬಣ್ಣ ಹೋದವು, ಹಿಡಿಕೆ ಮುರಿದವು, ಇಬ್ಬರು ಎರಡು ಕಡೆ ಹಿಡಿಯಬೇಕಾದಷ್ಟು ಭಾರದ್ದೊಂದು. ಹರಿಹರದ ಗುಜರಿ ಅಂಗಡಿಯ ಖಾದರ್ ಸಾಬರು ಲಾರಿಯಲ್ಲಿ ಬರುವ ಕಬ್ಬಿಣದ ರಾಶಿಯಿಂದ ಅವನ್ನು ಆರಿಸಿ ಎತ್ತಿಟ್ಟು, ಅಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಅಪ್ಪ ಒಂದೊಂದನ್ನೇ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದ, ಬಾಣಂತಿಯನ್ನು ತವರಿಗೆ ಕರೆತರುವ ಹುಷಾರಿಯಲ್ಲಿ. "ದೇವರ ಫೋಟೋಕ್ಕೆ ಒಂದು ಮೊಳೆ ಖಾಲಿ ಇಲ್ಲ ಈ ಮನ್ಯಾಗ," ಎಂದು ಅವ್ವ ಗೊಣಗುತ್ತಲೇ ಅವುಗಳ ಮೇಲಿನ ಭಟ್ಟಿಯ ಮಸಿ ಒರೆಸುತ್ತಿದ್ದಳು.

ಅವುಗಳಲ್ಲಿ ಅಪ್ಪನ ಜೀವವಿದ್ದದ್ದು ಗೌಡ್ತಿಯಲ್ಲಿ. ಹಳದಿ ಬಣ್ಣದ, ಅಗಲ ಸೊಂಟದ ಮಷೀನು, ಹೆಸರಿಟ್ಟವನು ಅಪ್ಪನೇ. ಬಂದಾಗ ಅದರ ಪಿಸ್ಟನ್ ಸವೆದುಹೋಗಿತ್ತು. ಆ ಅಳತೆಯ ಪಿಸ್ಟನ್ನಿಗಾಗಿ ಅಪ್ಪ ಎರಡು ವರ್ಷ ಹುಡುಕಿದ. ಕಡೆಗೆ ಖಾದರ್ ಸಾಬರೇ ಯಾವುದೋ ಸತ್ತ ಮಷೀನಿನ ಹೊಟ್ಟೆಯಿಂದ ಒಂದನ್ನು ತೆಗೆದು, ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿ ತಂದುಕೊಟ್ಟರು. "ಇದು ಬಿಟ್ರೆ ಇನ್ನೊಂದು ಸಿಗಂಗಿಲ್ಲ ಹಾಲೇಶಣ್ಣ, ಜ್ವಾಪಾನ," ಎಂದರು. ಅಪ್ಪ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಗೈಯಲ್ಲಿಟ್ಟುಕೊಂಡು ಇಡೀ ಸಂಜೆ ಕೂತಿದ್ದ. ಗೌಡ್ತಿ ಮೊದಲ ಸಲ ದನಿ ತೆಗೆದ ದಿನ ನಮಗೆಲ್ಲ ಮಂಡಕ್ಕಿ, ಮಿರ್ಚಿ ತರಿಸಿದ. ನನ್ನನ್ನು ಅಪ್ಪ ಅಂಗೈಯಲ್ಲಿಟ್ಟುಕೊಂಡು ನೋಡಿದ ನೆನಪು ನನಗಿಲ್ಲ. ಹೊಟ್ಟೆಕಿಚ್ಚು ಎಂದರೆ ಹೌದು, ಹೊಟ್ಟೆಕಿಚ್ಚೇ.

ಅಪ್ಪ ಹತ್ತಿ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ದುಡಿದವನು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಆ ಸದ್ದು ವರ್ಷವರ್ಷವೂ ಅವನ ಕಿವಿಯಿಂದ ಒಂದಿಷ್ಟು ತಿಂದಿತು. ಗಿರಣಿ ಬಾಗಿಲು ಹಾಕುವ ಹೊತ್ತಿಗೆ ಬಾಕಿ ಉಳಿದಿದ್ದು ಏನೂ ಇಲ್ಲ. ಗೋಡೆಗೂ ಕಿವಿ ಇರುತ್ತದೆ ಅಂತಾರೆ, ಅಪ್ಪನಿಗಿರಲಿಲ್ಲ. ಆದರೆ ಅದು ಊರಿಗೆ ಗೊತ್ತಿರಲಿಲ್ಲ. ಎದುರಿಗಿರುವವರ ತುಟಿ, ಹುಬ್ಬು, ಕೆನ್ನೆಗಳನ್ನು ನೋಡಿಯೇ ಅಪ್ಪ ಮಾತು ಹಿಡಿಯುತ್ತಿದ್ದ. ಮುಖ ಕಂಡರೆ ಸಾಕು, ಪಿಸುಮಾತೂ ತಪ್ಪುತ್ತಿರಲಿಲ್ಲ. ಗಿರಣಿ ಮುಚ್ಚಿದ ಮೇಲೆ ನಮ್ಮ ಹೊಟ್ಟೆ ಹೊರೆದದ್ದು ಹವ್ಯಾಸವಾಗಿದ್ದ ಈ ರಿಪೇರಿಯೇ. ಲೋಕಿಕೆರೆಯಿಂದ, ಮಾಯಕೊಂಡದಿಂದ ಮರ ಕೊಯ್ಯುವವರು ಮಷೀನು ಹೊತ್ತು ತರುತ್ತಿದ್ದರು. "ಹಾಲೇಶಪ್ಪನ ಕಿವಿ ಅಂದ್ರೆ ಕಿವಿ ನೋಡ್ರಿ, ಮೀಟರ್ ಬ್ಯಾಡ ಏನ್ ಬ್ಯಾಡ," ಎಂದು ಹೊಗಳುತ್ತಿದ್ದರು. ಅವರು ಹೊಗಳುತ್ತಿದ್ದ ಕಿವಿ ನನ್ನದು.

ಮಷೀನು ಟ್ಯೂನ್ ಮಾಡುವುದೆಂದರೆ ಅದಕ್ಕೆ ಸೇರುವ ಪೆಟ್ರೋಲನ್ನು ಹದಕ್ಕೆ ತರುವುದು. ಪೂರ್ತಿ ವೇಗದಲ್ಲಿ ಓಡುವ ಮಷೀನಿನ ಪಕ್ಕದ ಸಣ್ಣ ಸ್ಕ್ರೂ ಬಿಗಿ ಮಾಡುತ್ತ ಹೋದರೆ ಪೆಟ್ರೋಲು ಕಡಿಮೆಯಾಗಿ ದನಿ ಏರುತ್ತದೆ. ಮೊದಲು ಗಂಟಲಲ್ಲಿ ನೀರಿಟ್ಟುಕೊಂಡು ಹಾಡಿದಂತೆ ಗೊರಗೊರ ಎನ್ನುವುದು, ಆಮೇಲೆ ತಿಳಿಯಾಗುತ್ತದೆ. ಅದೇ ಚೆನ್ನ ಎಂದು ನಿಲ್ಲಿಸಿದರೆ ಕೆಟ್ಟಿತು. ಮತ್ತೆ ಸಡಿಲ ಮಾಡಿ, ಆ ಗೊರಗೊರ ಒಂದೆಳೆಯಷ್ಟು ವಾಪಸು ಬರುವಲ್ಲಿ ನಿಲ್ಲಿಸಬೇಕು. ತೆಳ್ಳಗೆ ಬಿಟ್ಟರೆ ಮಷೀನು ಚೆನ್ನಾಗಿಯೇ ಓಡಿ, ಮರದೊಳಗೆ ಹೊಕ್ಕ ಮೇಲೆ ಕಾದು ಕಾದು, ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡು ಸಾಯುತ್ತದೆ. ಆ ಒಂದೆಳೆ ಗೊರಗೊರ ಅಪ್ಪನಿಗೆ ಕೇಳುತ್ತಿರಲಿಲ್ಲ. ಅದಕ್ಕೇ ನನ್ನ ಎರಡು ಜಡೆ. ನಾನು ಎದುರಿಗೆ ನಿಂತು ಬಲಜಡೆಯನ್ನು ಮುಂದೆ ಹಾಕಿಕೊಂಡರೆ ಬಿಗಿ ಮಾಡು ಎಂದು, ಎಡಜಡೆಯನ್ನು ಮುಂದೆ ಹಾಕಿಕೊಂಡರೆ ಸಡಿಲ ಮಾಡು ಎಂದು, ಎರಡನ್ನೂ ಬೆನ್ನಿಗೆ ಎಸೆದರೆ ಸರಿಯಾಯ್ತು, ಕೈ ತೆಗಿ ಎಂದು. ಜಡೆಯ ಜೊತೆ ಆಟವಾಡುವ ಹುಡುಗಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಈ ಸನ್ನೆ ಅವ್ವನಿಗೂ ಗೊತ್ತಿರಲಿಲ್ಲ. ಅದು ಅಪ್ಪನಿಗೂ ನನಗೂ ಇದ್ದ ಒಂದೇ ಗುಟ್ಟು, ನಾನು ಅದಕ್ಕಾಗಿ ಹೆಮ್ಮೆಪಟ್ಟ ಕಾಲವೂ ಇತ್ತು.

ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಜಡೆ ಒಂದು ಕ್ಷಣ ತಡವಾದರೆ, ಗಿರಾಕಿ ಹೋದ ಮೇಲೆ ಅಪ್ಪ ನನ್ನ ಕಿವಿ ಹಿಂಡುತ್ತಿದ್ದ. ಆಯಿಲ್ ಬೆರಳುಗಳಲ್ಲಿ, ಕಿವಿಯ ಬುಡಕ್ಕೆ ಉಗುರು ಊರಿ. "ದೇವ್ರು ಎರಡು ಕೊಟ್ಟಾನ ನಿನಗ, ನೆಟ್ಟಗ ಬಳಸಾಕ ಬರಂಗಿಲ್ಲೇನು?" ಎಂದು ಹಲ್ಲು ಕಡಿಯುತ್ತಿದ್ದ. ನಾನು ಅತ್ತರೆ ಅವನಿಗೆ ಕೇಳುವುದಿಲ್ಲವಲ್ಲ, ಹಾಗಾಗಿ ಅಳುವುದನ್ನೂ ಬಿಟ್ಟೆ. ಗಿರಾಕಿ ಬರುವ ದಿನ ಶಾಲೆಯಿಲ್ಲ. ಟೀಚರಿಗೆ ಪ್ರತಿ ಸಲ ಜ್ವರ ಎಂದು ಹೇಳಿ ಹೇಳಿ, ಕ್ಲಾಸಿನಲ್ಲಿ ನನಗೆ ಜ್ವರದ ಪಾರಿ ಎಂದೇ ಹೆಸರು ಬಿತ್ತು. ಅಷ್ಟಾದರೂ ಖೊಖೊದಲ್ಲಿ ನನ್ನನ್ನು ಮುಟ್ಟುವವರು ಇರಲಿಲ್ಲ. ಏಳನೇ ಕ್ಲಾಸಿನಲ್ಲಿ ತಾಲ್ಲೂಕಿನ ತಂಡಕ್ಕೆ ನನ್ನ ಹೆಸರು ಬಂತು. ನನ್ನ ಹೆಸರನ್ನು ಯಾರಾದರೂ ಹಲಗೆಯ ಮೇಲೆ ಬರೆದದ್ದು ಅದೇ ಮೊದಲು.

ಆಟದ ದಿನವೇ ಹರಿಹರದ ಟಿಂಬರ್ ಸಾಹುಕಾರರು ಅಪ್ಪನನ್ನು ಕರೆಸಿದರು. ತಮ್ಮ ಡಿಪೋದ ಎಲ್ಲ ಮಷೀನುಗಳನ್ನು ನೋಡಿಕೊಳ್ಳಲು ಅವರಿಗೊಬ್ಬ ಮೇಸ್ತ್ರಿ ಬೇಕಿತ್ತು. ಡಿಪೋದಲ್ಲೇ ಕೋಣೆ, ಪ್ರತಿ ತಿಂಗಳ ಸಂಬಳ. ಖಾದರ್ ಸಾಬರು ಅಪ್ಪನ ಹೆಸರು ಹೇಳಿದ್ದರು. ಆದರೆ ಹಾಲೇಶಪ್ಪ ಕಿವುಡನಂತೆ ಎಂದು ಯಾರೋ ಅಷ್ಟರಲ್ಲೇ ಸಾಹುಕಾರರ ಕಿವಿ ಊದಿದ್ದರು. "ನಿನ್ನ ಕೈಯಾಗಿರೋದ್ರಾಗ ಚಲೋ ಮಷೀನು ತಗಂಬಾ, ನನ್ನ ಮುಂದ ಟ್ಯೂನ್ ಮಾಡಿ ದಿಮ್ಮಿ ಕೊಯ್ದು ತೋರ್ಸು," ಎಂದು ಹೇಳಿ ಕಳಿಸಿದ್ದರು. ಅಪ್ಪ ಗೌಡ್ತಿಯನ್ನು ಗೋಡೆಯಿಂದ ಇಳಿಸಿ, ಸಣ್ಣ ಉರುಟು ಅರದಲ್ಲಿ ಚೈನಿನ ಹಲ್ಲು ಒಂದೊಂದನ್ನೇ ಮಸೆದ. ನಾನು ಎದುರು ನಿಂತು, ಅವನಿಗೆ ಕಾಣುವಂತೆ ತುಟಿ ಬಿಡಿಸಿ ಹೇಳಿದೆ: "ಅಪ್ಪ, ಇವತ್ತು ಆಟ ಐತೆ. ನಾನು ಬರಂಗಿಲ್ಲ." ಅಪ್ಪ ಅರ ಕೆಳಗಿಡಲಿಲ್ಲ. "ಓಡಿ ಓಡಿ ಏನ್ ಕಿಸೀತಿ? ನಾಳೆ ಮತ್ತೊಬ್ಬರ ಮನ್ಯಾಗ ಮುಸುರೆ ತಿಕ್ಕೋಳು," ಎಂದ. ಅವ್ವ ತಡೆಯಲು ಬಂದಳು, "ಹೋಗ್ಲಿ ಬಿಡ್ರಿ, ಕೂಸು ಆಸೆಪಟ್ಟೈತಿ." ಅಪ್ಪ ಎದ್ದು ಹಲಗೆಯ ಮೇಲಿಟ್ಟಿದ್ದ ನನ್ನ ಬಿಳಿ ಕ್ಯಾನ್ವಾಸ್ ಬೂಟುಗಳನ್ನು, ಗೆಳತಿಯಿಂದ ಬೇಡಿ ತಂದವನ್ನು, ಸುಟ್ಟ ಆಯಿಲಿನ ಡಬ್ಬಿಗೆ ಅದ್ದಿದ. ಒಂದಾದ ಮೇಲೆ ಒಂದು, ನಿಧಾನಕ್ಕೆ. ಆಮೇಲೆ, "ಜಡೆ ಬಿಗಿಯಾಗಿ ಹಾಕ್ಯಾ," ಎಂದ.

ಡಿಪೋದಲ್ಲಿ ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಮಾಲರು ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಹಸಿ ಹೊನ್ನೆಯ ದಿಮ್ಮಿಯಿಂದ ಕೆಂಪು ಅಂಟು ಒಸರುತ್ತಿತ್ತು. ಖಾದರ್ ಸಾಬರು ನನ್ನ ತಲೆ ಸವರಿ, "ಏನವಾ ಪಾರವ್ವ, ಅಪ್ಪನ ಕೂಡ ಬಂದ್ಯಾ?" ಎಂದರು. ಗೌಡ್ತಿ ಹಗ್ಗದ ಎರಡನೆಯ ಎಳೆತಕ್ಕೆ ಶುರುವಾಯಿತು. ಅಪ್ಪ ವೇಗ ಕೊಟ್ಟು ಸ್ಕ್ರೂಗೆ ಕೈ ಹಾಕಿ ನನ್ನತ್ತ ನೋಡಿದ. ನಾನು ಬಲಜಡೆ ಮುಂದೆ ತಂದೆ. ಬಿಗಿಯಾಯಿತು, ಗೊರಗೊರ ಹೋಗಿ ದನಿ ತಿಳಿಯಾಯಿತು, ಆಮೇಲೆ ಸೂಜಿಯಂತೆ ತೆಳ್ಳಗಾಯಿತು. ಈಗ ಎಡಜಡೆ. ನನ್ನ ಕೈ ಅದರ ಮೇಲೇ ಇತ್ತು, ರಿಬ್ಬನ್ನಿನ ಗಂಟು ಬೆರಳಿಗೆ ಸಿಕ್ಕಿತ್ತು. ನಾನು ಎರಡೂ ಜಡೆಗಳನ್ನು ಬೆನ್ನಿಗೆ ಎಸೆದೆ. ಸಣ್ಣವಳು, ಏನಾಗುತ್ತದೆಂದು ಗೊತ್ತಿರಲಿಲ್ಲ ಎಂದು ನಿಮಗೆ ಹೇಳಬಹುದು, ನೀವು ನಂಬಲೂಬಹುದು. ನನಗೆ ಗೊತ್ತಿತ್ತು.

ಮೊದಲನೆಯ ಹೋಳು ಬೆಣ್ಣೆಯಂತೆ ಕೊಯ್ದು ಬಿತ್ತು. ಎರಡನೆಯದೂ ಬಿತ್ತು, ಸಾಹುಕಾರರು ತಲೆದೂಗಿದರು. ಮೂರನೆಯದರ ನಡುವೆ ಗೌಡ್ತಿಯ ದನಿ ಏರತೊಡಗಿತು. ಹಮಾಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಖಾದರ್ ಸಾಬರು ಒಂದು ಹೆಜ್ಜೆ ಮುಂದೆ ಬಂದು ನಿಂತರು. ಕೊಯ್ಯುತ್ತಲೇ ಅಪ್ಪ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದ. ಆಗಲೂ ಹೊತ್ತು ಮೀರಿರಲಿಲ್ಲ. ನಾನು ಜಡೆ ಮುಟ್ಟಲಿಲ್ಲ. ಅವನು ನಂಬಿ ಮತ್ತೆ ಬಾಗಿದ. ಮರುಕ್ಷಣ ಗೌಡ್ತಿ ನಿಂತುಹೋಯಿತು. ಅಪ್ಪ ಹಗ್ಗ ಎಳೆದ, ಅದು ಒಂದಿಂಚೂ ಬರಲಿಲ್ಲ. ಬೆನ್ನ ಹಿಂದಿನಿಂದ ಸಾಹುಕಾರರು, "ಅಷ್ಟು ಕಿರುಚ್ತಲ್ಲೋ ಹಾಲೇಶಪ್ಪ, ಕೇಳಲಿಲ್ಲೇನು?" ಎಂದರು. ಅಪ್ಪ ಹಗ್ಗ ಎಳೆಯುತ್ತಲೇ ಇದ್ದ. "ಹಳೇ ಮಷೀನ್ರೀ ಸಾಹುಕಾರ್ರೆ, ಅವನೇನ್ ಮಾಡ್ತಾನ," ಎಂದರು ಖಾದರ್ ಸಾಬರು. ಸಾಹುಕಾರರು ದನಿ ಎತ್ತರಿಸಿದರು: "ಏಯ್, ನೀನು ಕಿವುಡೇನೋ?" ಯಾರೋ ನಕ್ಕರು. ನಗುವ ಮುಖಗಳನ್ನು ಕಂಡು ಅಪ್ಪ ತಿರುಗಿದ. ಮಾತು ತಪ್ಪಿಹೋದಾಗಲೆಲ್ಲ ಹೇಳುತ್ತಿದ್ದುದನ್ನೇ ಹೇಳಿದ. "ಹೌದ್ರಿ," ಎಂದ. ಡಿಪೋಕ್ಕೆ ಡಿಪೋವೇ ನಕ್ಕಿತು. ಭಯಕ್ಕೋ ಏನೋ, ನಾನೂ ನಕ್ಕೆ. ಅದನ್ನೂ ಅಪ್ಪ ನೋಡಿದ.

ಮಗಳು ತಪ್ಪು ಸನ್ನೆ ಮಾಡಿದಳು ಎಂದು ಅಪ್ಪ ಅಲ್ಲಿ ಹೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಗೌಡ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅದು ಇನ್ನೂ ಬೆಚ್ಚಗಿತ್ತು. "ಅಪ್ಪ," ಎಂದು ನಾನು ಅವನ ತೋಳು ಮುಟ್ಟಿದೆ. ಅಪ್ಪ ಒಮ್ಮೆ ನನ್ನ ಮುಖ ನೋಡಿ, ನಾನು ತುಟಿ ಬಿಚ್ಚುವ ಮೊದಲೇ ಕಿಟಕಿಯ ಕಡೆ ತಿರುಗಿದ. ಒಂದು ಏಟು ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಕಿವಿ ಅವನು ಆಮೇಲೆ ಎಂದೂ ಹಿಂಡಲಿಲ್ಲ.

ಆ ವಾರವೇ ಖಾದರ್ ಸಾಬರ ಲಾರಿ ಬಂದು ಗೋಡೆಯನ್ನು ಖಾಲಿ ಮಾಡಿತು. ಅಷ್ಟು ವರ್ಷ ಆರಿಸಿ ಆರಿಸಿ ಉಳಿಸಿಕೊಟ್ಟವರೇ ಅವನ್ನು ಒಡೆಸಲು ಒಯ್ದರು. ಹತ್ತಿಸುವಾಗ ಅವರು ಕಣ್ಣೊರೆಸಿಕೊಂಡರು, ಅಪ್ಪ ಒರೆಸಿಕೊಳ್ಳಲಿಲ್ಲ. ಅಪ್ಪ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಸೇರಿ ಕಾದ ಮರಳಿನಲ್ಲಿ ಅಕ್ಕಿ ಹುರಿದ. ಕಿವಿ ಬೇಕಿಲ್ಲದ ಕೆಲಸ. ನಾನು ದಿನಾ ಶಾಲೆಗೆ ಹೋದೆ, ಮರುವರ್ಷ ಖೊಖೊ ಆಡಿದೆ, ಗೆದ್ದೆ, ಸ್ಟೀಲಿನ ತಟ್ಟೆ ತಂದೆ. ಬೇಕೆಂದದ್ದೆಲ್ಲ ಸಿಕ್ಕಿತು ನೋಡಿ. ಅಪ್ಪ ನನ್ನ ಫೀಸು ಕಟ್ಟಿದ, ಗಂಡು ಹುಡುಕಿದ, ಮದುವೆ ಮಾಡಿದ. ಹೇಳಬೇಕಾದದ್ದನ್ನು ನನಗೆ ಹೇಳುತ್ತಲೂ ಇದ್ದ. ನಾನು ಬಾಯಿ ತೆರೆದರೆ ಮಾತ್ರ ಮುಖ ತಿರುಗಿಸುತ್ತಿದ್ದ. ಅವ್ವನ ಮುಖ ನೋಡುತ್ತಿದ್ದ, ಖಾದರ್ ಸಾಬರ ಮುಖ ನೋಡುತ್ತಿದ್ದ, ನನ್ನ ಮಗನ ತೊದಲನ್ನು ಕೂಡ ತುಟಿಯಿಂದ ಓದಿ ನಗುತ್ತಿದ್ದ. ಬರೆದು ಕೊಡಬಹುದಿತ್ತಲ್ಲ ಎನ್ನುತ್ತೀರಿ. ಬರೆದೆ. ಬಾಣಂತನಕ್ಕೆ ಬಂದಿದ್ದಾಗ ಒಂದು ಹಾಳೆಯ ತುಂಬ ಬರೆದು ಅವನ ಕೈಗಿಟ್ಟೆ. ಅಪ್ಪ ಬಿಚ್ಚದೆ ಅದನ್ನು ಅವ್ವನಿಗೆ ಕೊಟ್ಟು, "ನಿನ್ನ ಮಗಳದು, ಓದ್ಕ್ಯಾ," ಎಂದ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅವಳು ಅದನ್ನು ಭದ್ರವಾಗಿ ಸಾಸಿವೆ ಡಬ್ಬಿಯಲ್ಲಿಟ್ಟಳು.

ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಮೊದಲ ಬಸ್ಸಿಗೇ ಹೊರಟೆ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ನಾನು ಹೋಗುವ ಹೊತ್ತಿಗೆ ಸ್ನಾನ ಮಾಡಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಪಡಸಾಲೆಯ ಬೋಳು ಗೋಡೆಗೆ ಒರಗಿಸಿ ಕೂಡಿಸಿದ್ದರು. ಕತ್ತು ವಾಲದಂತೆ ಬಟ್ಟೆ ಕಟ್ಟಿದ್ದರು. ಮುಖ ನೆಟ್ಟಗೆ ಎದುರಿಗಿತ್ತು. ಇನ್ನು ಯಾವ ಕಡೆಗೂ ತಿರುಗಿಸಲು ಬರುತ್ತಿರಲಿಲ್ಲ. ನಾನು ಜನರನ್ನು ಸರಿಸಿಕೊಂಡು ಹೋಗಿ, ಅಪ್ಪನ ಮೊಳಕಾಲಿಗೆ ನನ್ನ ಮೊಳಕಾಲು ತಾಗುವಷ್ಟು ಹತ್ತಿರ ಕೂತೆ. ಸೆರಗು ಸರಿಸಿ, ಚಿಕ್ಕಂದಿನಲ್ಲಿ ಹೇಳುತ್ತಿದ್ದಂತೆ ತುಟಿಗಳನ್ನು ಬಿಡಿಸಿ ಬಿಡಿಸಿ, ಒಂದೊಂದೇ ಮಾತು ಹೇಳಿದೆ. "ಅಪ್ಪ, ಅವತ್ತು ನಾನು ಬೇಕಂತನ ಮಾಡಿದೆ. ತಪ್ಪಾತು." ನೆರೆದವರೆಲ್ಲ ಕೇಳಿಸಿಕೊಂಡರು.

ಅಪ್ಪನ ಕಣ್ಣುಗಳನ್ನು ಅವ್ವ ಬೆಳಿಗ್ಗೆಯೇ ಮುಚ್ಚಿದ್ದಳು.