ಅಮ್ಮ ಹೇಳಿದ್ದು, ನಾನು ಅಳಿಸಿದ್ದು

ಅಕ್ಕನ ಕಂಪ್ಯೂಟರಿಗೆ ವೈರಸ್ ತಂದವನು ನಾನೇ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ತಡಮಾಡಿದರೆ ಧೈರ್ಯ ಸಾಲದೆ ಹೋದೀತು.

ನಾನು ಹತ್ತನೇ ಕ್ಲಾಸು ಎರಡು ಸಲ ಫೇಲಾದವನು. ಅಕ್ಕ ಬಿ.ಎಸ್ಸಿ. ಓದಿ, ನ್ಯೂಯಾರ್ಕಿಗೆ ಬಂದು, ಲ್ಯಾಬೊಂದರಲ್ಲಿ ಕೆಲಸ ಹಿಡಿದು, ಸಿಟಿಜನ್ ಆದ ಮೇಲೆ ನನಗೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಕರೆಸಿಕೊಂಡಳು. ಬೆಲ್‌ರೋಸ್‌ನ ಅವಳ ಮನೆಯ ಬೇಸ್‌ಮೆಂಟಿನಲ್ಲಿ ನನ್ನ ವಾಸ. ಹಿಲ್‌ಸೈಡ್ ಅವೆನ್ಯೂವಿನ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆ ಇಳಿಸುವುದು, ಬಿಲ್ ಹಾಕುವುದು ನನ್ನ ಕೆಲಸ. ಅಲ್ಲಿಯ ಕಂಪ್ಯೂಟರ್ ಕೆಟ್ಟಾಗಲೆಲ್ಲ ರಿಪೇರಿಯವನ ಪಕ್ಕದಲ್ಲಿ ನಿಂತು ನಿಂತೇ ಫಾರ್ಮ್ಯಾಟ್ ಮಾಡುವುದನ್ನು ಕಲಿತೆ. ಗುರುತಿನ ನಾಲ್ಕು ಮನೆಗಳಲ್ಲಿ ಆಂಟಿಯರು, “ಕಂಪ್ಯೂಟರ್ ಡಾಕ್ಟ್ರು ಬಂದ್ರು” ಅನ್ನುತ್ತಿದ್ದರು. “ಲೆಕ್ಕದಲ್ಲಿ ಹದಿನೆಂಟು ತಗೊಂಡ ಡಾಕ್ಟ್ರು” ಎಂದು ಅಕ್ಕ ನಗುತ್ತಿದ್ದಳು. ಆ ನಗುವಿನಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತಿತ್ತು. ನನಗೆ ಅದು ಬೇಕಾಗಿತ್ತು.

ನಮ್ಮ ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ದಾವಣಗೆರೆಯಲ್ಲಿ ನಾವು ಚಿಕ್ಕವರಿದ್ದಾಗ, ತವರಿಗೆ ಕಾಗದ ಹಾಕಬೇಕಾದರೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, ಅಕ್ಕಿ ಆರಿಸುತ್ತ ಹೇಳುವಳು. ಮಾತು ಮಾತಿಗೂ “ಬರ್ಕೊಂಡ್ಯಾ?” ಎಂದು ಕೇಳುವಳು. ಅಕ್ಕ ಇಲ್ಲಿಗೆ ಬಂದ ಮೇಲೂ ತಾಯಿ ಮಗಳ ಈ ಅಭ್ಯಾಸ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಅಂದರೆ ಊರಿನಲ್ಲಿ ಸಂಜೆ, ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಕಂಪ್ಯೂಟರಿನ ಮುಂದೆ ಕೂರುವಳು. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಟೈಪ್ ಮಾಡುವಳು. ಮಂಡಕ್ಕಿ ಭಟ್ಟಿಯ ಹೊಗೆ, ನಲ್ಲಿಯ ಹತ್ತಿರದ ಜಗಳ, ತೀರಿಹೋದ ಅಪ್ಪ ಕನಸಿನಲ್ಲಿ ಬಂದು ಉಪ್ಪಿನಕಾಯಿ ಕೇಳಿದ್ದು.

“ಬರ್ಕೊಂಡ್ಯಾ?”

“ಬರ್ಕೊಂಡೆ, ಮುಂದೆ ಹೇಳು.”

ಎಷ್ಟೋ ವರ್ಷ ಹೀಗೆ ನಡೆಯಿತು. ನಾನು ಬಂದ ಮೇಲೆ ಅದೇ ರೂಮಿನ ಸೋಫಾದಲ್ಲಿ ಮಲಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸಿನಿಮಾ ನೋಡುತ್ತಿದ್ದೆ. ಕೊನೆಗೆ ಅಕ್ಕ ಫೋನ್ ಚಾಚಿದರೆ, “ಹೂಂ ಅಮ್ಮ, ತಿಂಡಿ ಆಯ್ತು” ಅಂದು ವಾಪಸ್ ಕೊಡುತ್ತಿದ್ದೆ.

ಹೋದ ವರ್ಷ ಅಮ್ಮ ಹೋದಳು. ಅಕ್ಕ ಆ ಫೋಲ್ಡರನ್ನು ತೆರೆಯಲಿಲ್ಲ. “ಈಗ ಓದೋಕೆ ನನ್ನ ಕೈಲಾಗಲ್ಲ ಕಣೋ. ವರ್ಷದ ತಿಥಿ ದಿನ ಇಬ್ರೂ ಕೂತು ಓದೋಣ” ಅಂದಿದ್ದಳು.

ತಿಥಿಗೆ ಇನ್ನೂ ಎರಡು ತಿಂಗಳಿತ್ತು. ರಜೆಯ ದಿನ, ಅಕ್ಕ ಕೆಲಸಕ್ಕೆ ಹೋದಾಗ, ನಾನು ಅವಳ ಕಂಪ್ಯೂಟರಿನಲ್ಲಿ ಎಲ್ಲಿಂದಲೋ ಬಿಟ್ಟಿ ಸಿನಿಮಾ ಇಳಿಸಿಕೊಂಡೆ. ಸಿನಿಮಾ ಬರಲಿಲ್ಲ. ಪರದೆ ತುಂಬ ಕೆಂಪು ಡಬ್ಬಿಗಳು ಎದ್ದು ಕೂಗಿಕೊಳ್ಳತೊಡಗಿದವು. ಒಂದನ್ನು ಮುಚ್ಚಿದರೆ ನಾಲ್ಕು ಏಳುತ್ತಿದ್ದವು.

ಸಂಜೆ ಅಕ್ಕ ನೋಡಿ, “ಏನಾಯ್ತೋ ಇದಕ್ಕೆ?” ಅಂದಳು.

“ಹಳೇದಲ್ವಾ, ವೈರಸ್ ಬಂದಿದೆ. ಎಲ್ಲಾ ಅಳಿಸಿ ಹೊಸದಾಗಿ ಸಿಸ್ಟಂ ಹಾಕ್ತೀನಿ.”

“ಅಮ್ಮನ ಫೋಲ್ಡರ್ ಮೊದ್ಲು ತೆಗೆದಿಡು. ಬೇರೆ ಏನ್ ಹೋದ್ರೂ ಹೋಗ್ಲಿ.”

“ಅಷ್ಟೂ ಗೊತ್ತಾಗಲ್ವಾ ನನಗೆ?”

“ಸರಿಯಪ್ಪ. ಡಾಕ್ಟ್ರಿಗೆ ನಾನೇನು ಹೇಳ್ಕೊಡ್ಲಿ.”

ಮರುದಿನ ಹಾರ್ಡ್‌ಡಿಸ್ಕ್ ಬಿಚ್ಚಿ, ಕೇಬಲ್ ಹಾಕಿ, ಅಂಗಡಿಯ ಲ್ಯಾಪ್‌ಟಾಪಿಗೆ ಜೋಡಿಸಿದೆ. ಫೋಟೋಗಳನ್ನೆಲ್ಲ ಕಾಪಿ ಮಾಡಿಕೊಂಡೆ. ಅಮ್ಮನ ಫೋಲ್ಡರಿನಲ್ಲಿ ನೂರಾರು ಫೈಲುಗಳಿದ್ದವು. ಒಂದನ್ನು ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕಿ, ಸೊಟ್ಟ ಗೆರೆ, ಒಂದಕ್ಕೊಂದು ಸಂಬಂಧವಿಲ್ಲದ ಗುರುತುಗಳು. ಇನ್ನೊಂದನ್ನು ತೆರೆದೆ, ಅದೂ ಹಾಗೇ. ವೈರಸ್ ಎಲ್ಲವನ್ನೂ ಅಗಿದು ಹಾಕಿದೆ ಅಂದುಕೊಂಡೆ.

ಇಲ್ಲಿ ನಾನು ಸುಳ್ಳು ಹೇಳಬಾರದು. ಪ್ರತಿ ಫೈಲಿನ ಮೊದಲ ಸಾಲೂ ಒಂದೇ ಥರ ಇತ್ತು. ಅದೇ ಅಕ್ಷರಗಳು, ಅದೇ ಚುಕ್ಕಿಗಳು. ಹಾಳಾಗಿದ್ದು ಇಷ್ಟು ಒಪ್ಪವಾಗಿ ಯಾಕಿದೆ ಎಂದು ಒಂದು ಗಳಿಗೆ ಅನ್ನಿಸಿತು. ಜೇಬಿನಲ್ಲಿ ಫೋನ್ ಇತ್ತು. ಅಕ್ಕನಿಗೆ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ವೈರಸ್ ಎಲ್ಲಿಂದ ಬಂತು ಅನ್ನುತ್ತಾಳೆ. ಜೊತೆಗೆ ಡಾಕ್ಟ್ರಿಗೆ ಇದು ಗೊತ್ತಿಲ್ಲ ಅಂತಲೂ ಆಗುತ್ತದೆ. ಆ ಫೈಲುಗಳಲ್ಲೇ ವೈರಸ್ ಅಡಗಿದ್ದರೆ ಎಂದು ನನಗೆ ನಾನೇ ಒಂದು ನೆಪ ಹೇಳಿಕೊಂಡೆ. ಕಾಪಿ ಮಾಡಿಕೊಳ್ಳಲಿಲ್ಲ. ಡಿಸ್ಕನ್ನು ಪೂರ್ತಿ, ನಿಧಾನವಾಗಿ ತೊಳೆಯುವ ಆಯ್ಕೆಯನ್ನು ಒತ್ತಿದೆ. ಸಂಜೆಯವರೆಗೆ ನಡೆಯಿತು. ಅದರ ಮೇಲೆ ಹೊಸ ಸಿಸ್ಟಂ ಹಾಕಿದೆ.

“ಅಮ್ಮಂದು?” ಅಂದಳು ಅಕ್ಕ, ಬಾಗಿಲಲ್ಲಿ ಶೂ ಬಿಚ್ಚುತ್ತ.

“ವೈರಸ್ ತಿಂದುಬಿಟ್ಟಿತ್ತು ಅಕ್ಕ. ಏನೂ ಉಳಿದಿರ್ಲಿಲ್ಲ.”

ಅವಳು ಒಂದು ಶೂ ಬಿಚ್ಚಿ, ಇನ್ನೊಂದನ್ನು ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತಳು. ಆಮೇಲೆ ನನ್ನ ಬೆನ್ನು ಸವರಿ, “ನೀನೇನ್ ಮಾಡ್ತೀಯ ಪಾಪ” ಅಂದಳು.

ಮೂರು ವಾರದ ನಂತರ ಫ್ಲೋರಲ್ ಪಾರ್ಕ್‌ನ ಅಂಕಲ್ ಒಬ್ಬರು ಯುಗಾದಿ ಕಾರ್ಯಕ್ರಮದ ನೋಟಿಸನ್ನು ಪ್ರಿಂಟ್ ಮಾಡಿಸಿ ನಮ್ಮ ಅಂಗಡಿಯ ಗಾಜಿಗೆ ಅಂಟಿಸಲು ಪೆನ್‌ಡ್ರೈವ್ ತಂದರು. ತೆರೆದರೆ ಅದೇ ಗುರುತುಗಳು.

“ಅಂಕಲ್, ವೈರಸ್ ಇದೆ ಇದರಲ್ಲಿ” ಅಂದೆ.

“ವೈರಸ್ಸೂ ಇಲ್ಲ ಏನೂ ಇಲ್ಲ ಕಣಯ್ಯ. ಹಳೇ ಕನ್ನಡ ಫಾಂಟು. ಒಳಗಿರೋದು ಇಂಗ್ಲಿಷ್ ಗುರುತು, ಕಂಪ್ಯೂಟರಲ್ಲಿ ಆ ಫಾಂಟ್ ಇದ್ರೆ ಮಾತ್ರ ಕನ್ನಡ ಕಾಣುತ್ತೆ. ನಮ್ಮಂಥ ಹಳಬರು ಇನ್ನೂ ಇದನ್ನೇ ಹಿಡ್ಕೊಂಡಿದೀವಿ.” ಅವರೇ ಪೆನ್‌ಡ್ರೈವಿನಿಂದ ಫಾಂಟ್ ಹಾಕಿದರು. ಗುರುತುಗಳೆಲ್ಲ ಒಮ್ಮೆಗೇ ಕನ್ನಡವಾದವು. ‘ಎಲ್ಲರಿಗೂ ಆದರದ ಸ್ವಾಗತ.’

ನಾನು ಕೋಲ್ಡ್ ರೂಮಿಗೆ ಹೋಗಿ ಹಾಲಿನ ಕ್ರೇಟುಗಳ ಮಧ್ಯೆ ನಿಂತುಕೊಂಡೆ.

ಮುಂದಿನ ಶನಿವಾರ ಡಿಸ್ಕ್ ಬಿಚ್ಚಿಕೊಂಡು ಪಕ್ಕದ ರಾಜ್ಯದ ಐಸೆಲಿನ್‌ಗೆ ಹೋದೆ. ಸೀರೆ ಅಂಗಡಿಗಳ ಹಿಂದೆ, ಅಳಿಸಿಹೋದದ್ದನ್ನು ಮರಳಿ ತೆಗೆದುಕೊಡುವ ಒಬ್ಬ ರಿಪೇರಿಯವನಿದ್ದ. ಎರಡು ಗಂಟೆ ನೋಡಿ, “ಇಷ್ಟು ಚೆನ್ನಾಗಿ ಅಳಿಸಿದ್ಯಾರು?” ಅಂದ.

ತಿಥಿ ಭಾನುವಾರವೇ ಬಂತು. ಅಕ್ಕ ಬೇಗ ಸ್ನಾನ ಮಾಡಿ, ಎಂಟೂವರೆಗೆ ಕಂಪ್ಯೂಟರಿನ ಮುಂದೆ ಕೂತಳು. ಹಳೆಯ ಫಾಂಟನ್ನು ಅವಳೇ ಮತ್ತೆ ಹಾಕಿಕೊಂಡಿದ್ದಳು. ಮೊದಲ ಸಾಲು ಟೈಪ್ ಮಾಡಿದಳು: ‘ಇವತ್ತು ಅಮ್ಮ ಹೇಳಿದ್ದು.’

ಪ್ರತಿ ಫೈಲಿನ ಮೇಲೂ ಇದ್ದ ಸಾಲು ಅದು.

“ನೆನಪಿದ್ದಷ್ಟು ಬರೆಯೋಣ ಕಣೋ. ಅಪ್ಪ ಉಪ್ಪಿನಕಾಯಿ ಕೇಳಿದ್ರಲ್ಲ, ಆಮೇಲೆ ಅಮ್ಮ ಏನಂದ್ಲು? ನೀನೂ ಇಲ್ಲೇ ಇದ್ಯಲ್ಲ.”

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಅದನ್ನು ಹೇಳಿದೆ. ಸಿನಿಮಾ, ಅಗಿದು ಹಾಕಿದಂತೆ ಕಂಡ ಫೈಲುಗಳು, ಅಂಕಲ್‌ರ ನೋಟಿಸು, ಐಸೆಲಿನ್, ಎಲ್ಲವನ್ನೂ.

ಅಕ್ಕ ಕೀಬೋರ್ಡಿನಿಂದ ಕೈ ತೆಗೆದಳು. ಬೈಯಲಿಲ್ಲ. “ಹಾಗಾದ್ರೆ ನೀನು ನೋಡಿದಾಗ ಎಲ್ಲಾ ಚೆನ್ನಾಗೇ ಇತ್ತು” ಅಂದಳು.

“ಹೂಂ.”

ಎದ್ದು ಒಳಗೆ ಹೋಗಿ ಎಡೆಗೆ ಅನ್ನ ಬಸಿದಳು. ಮಧ್ಯಾಹ್ನ ನನಗೂ ಬಡಿಸಿದಳು, ಉಪ್ಪಿನಕಾಯಿ ಸಮೇತ.

ಅಂದಿನಿಂದ ಅವಳು ಭಾನುವಾರ ಅಲ್ಲಿ ಕೂರುವುದಿಲ್ಲ. ಆ ಹೊತ್ತಿಗೆ ಬಟ್ಟೆ ತಗೊಂಡು ಲಾಂಡ್ರಿಗೆ ಹೋಗುತ್ತಾಳೆ. ನಾನು ಕೂರುತ್ತೇನೆ. ಒಂದೇ ಬೆರಳಿನಲ್ಲಿ ‘ಇವತ್ತು ಅಮ್ಮ ಹೇಳಿದ್ದು’ ಎಂದು ಟೈಪ್ ಮಾಡುತ್ತೇನೆ. ಅದರ ಕೆಳಗೆ ಇಲ್ಲಿಯವರೆಗೆ ನನಗೆ ಬರೆಯಲಾಗಿರುವುದು ಒಂದೇ ಮಾತು: ‘ಬರ್ಕೊಂಡ್ಯಾ?’