ಅವಳ ಪಾಸಿಟಿವ್, ನನ್ನ ಪಾಸಿಟಿವ್

ಉಪಸ್ಥಿತರಿರುವ ಸಮಸ್ತ ಯಕೃತ್ತುಗಳೇ, ಹೆಂಡತಿಯ ರಕ್ತದ ರಿಪೋರ್ಟಿನ ಮೇಲೆ ಹೊಟ್ಟೆಕಿಚ್ಚುಪಡುವ ಗಂಡನೊಬ್ಬನ ಅಹವಾಲನ್ನು ಸಭೆ ಶಾಂತವಾಗಿ ಆಲಿಸಬೇಕು.

ನನ್ನ ಯಕೃತ್ತಿಗೆ ಹೆಪಟೈಟಿಸ್ ಬಿ ವೈರಸ್ ಹತ್ತಿದೆಯೆಂದು ಹೋದ ವಾರ ತಿಳಿಯಿತು. ಹೆಂಡತಿಯ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದಿದ್ದರು ಡಾಕ್ಟರು. ಇವತ್ತು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿ ಇಬ್ಬರೂ ಅವರ ಮುಂದೆ ಕುಳಿತೆವು. ನನ್ನದು ಪಾಸಿಟಿವ್, ಅವಳದೂ ಪಾಸಿಟಿವ್ ಎಂದರು.

"ಹಂಗಾದ್ರ ಇಬ್ಬರದೂ ಒಂದೇ ಆತಲ್ರಿ," ಎಂದೆ.

"ಒಂದಲ್ರಿ. ನಿಮ್ಮದು ವೈರಸ್ ಒಳಗ ಅದ ಅನ್ನೋ ಪಾಸಿಟಿವ್. ಅಕ್ಕಾವರದು ರಕ್ಷಣೆ ಅದ ಅನ್ನೋ ಪಾಸಿಟಿವ್. ಅವರಿಗೂ ಯಾವಾಗೋ ಬಂದಿತ್ತು, ಮೈಯೇ ಹೊರಗ ಹಾಕ್ಯದ."

ಅಂದರೆ ನನಗೆ ರೋಗ, ಅವಳಿಗೆ ಯೋಗ. ಅವಳು ಒಂದು ಮಾತ್ರೆ ನುಂಗಲಿಲ್ಲ, ಒಂದು ದಿನ ಮಲಗಲಿಲ್ಲ. ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳೇ ವಿವರಿಸಿದಳು. "ನೀವು ಯಾರ್ ಬಂದ್ರೂ ಕುಂದರ್ರಿ, ಚಾ ಕುಡೀರಿ ಅಂತೀರಿ. ನಾ ಬಾಗಲದಾಗ ನಿಂತೇ ಮಾತಾಡಿ ಕಳಸ್ತೀನಿ. ವೈರಸ್ಸಿಗೂ ಗೊತ್ತಾಗ್ಯದ."

ದಾರಿಯಲ್ಲಿ ರಾಜೇಶ್ವರ ಊರು ಬಂದಾಗ ನಾನು ಮುಖ ಊದಿಸಿಕೊಂಡು ಎರಡೂ ರಿಪೋರ್ಟುಗಳನ್ನು ತೆಗೆದು ಮತ್ತೆ ಹೋಲಿಸಿದೆ.

"ಮಾರಿ ಯಾಕ ಹಂಗ ಮಾಡೀರಿ? ವೈರಸ್ ಎಷ್ಟದ ಅಂತ ಇನ್ನೊಂದು ಟೆಸ್ಟ್ ಬರದಾರ, ಮಾಡಸೋಣು. ನಾ ಇದ್ದೀನಲ್ಲ," ಎಂದಳು.

ನನಗೆ ಹೆದರಿಕೆಯಾಗಿದೆ, ಸ್ನೇಹಿತರೇ. ಅದಕ್ಕೇ ಅವಳದೂ ಪಾಸಿಟಿವ್ ಎಂದು ಕೇಳಿದ ಆ ಕ್ಷಣ, ಅವಳಿಗೂ ರೋಗವೆಂದುಕೊಂಡು, ಜೊತೆಗೊಬ್ಬರು ಸಿಕ್ಕರೆಂದು ಖುಷಿಪಟ್ಟಿದ್ದೆ.