ತಿಳಿ ಕೂಸಿಗೆ, ಗಸಿ ಕೋಳಿಗೆ

ಆ ಗಲ್ಲಿಯ ಮನೆಮನೆಗೂ ಹೋಗಿ ತಾಯಿ-ಮಕ್ಕಳನ್ನು ವಿಚಾರಿಸುವ ಆರೋಗ್ಯ ಕಾರ್ಯಕರ್ತೆಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಚೀಲದಲ್ಲಿ ಸದಾ ಒಂದು ಚಮಚ ಇರುತ್ತಿದ್ದರಿಂದ ಎಲ್ಲರಿಗೂ ಅವಳು ಚಮಚದಕ್ಕ. ಅವಳ ನಡಿಗೆಯ ಬಿರುಸು ಎಂಥದ್ದೆಂದರೆ, ಅವಳು ಗಲ್ಲಿಯ ತಿರುವು ದಾಟಿದಾಗ ಅವಳ ನೆರಳು ಇನ್ನೂ ಹಿಂದಿನ ಮನೆಯಲ್ಲಿ ಚಪ್ಪಲಿ ಹುಡುಕುತ್ತಿರುತ್ತಿತ್ತು.

ಅಂಥವಳನ್ನು ಒಂದು ಕೂಸು ತಡೆದು ನಿಲ್ಲಿಸಿತು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳ ಎಂಟು ತಿಂಗಳ ಮಗಳು. ಮೈಯಲ್ಲಿ ರಕ್ತ ಕಡಿಮೆ, ಹಿಮೋಗ್ಲೋಬಿನ್ ಎಂಟೇ ಎಂಟು. ಎರಡು ತಿಂಗಳಲ್ಲಿ ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದಿದ್ದರು ಡಾಕ್ಟರು. ಎದೆಹಾಲು ಬಿಡಿಸಬೇಡಿ, ಆದರೆ ಆರು ತಿಂಗಳು ತುಂಬಿದ ಮೇಲೆ ಅದೊಂದೇ ಸಾಲದು, ಬೇಳೆ ಸೊಪ್ಪು ಬೇಯಿಸಿ ಕೊಡಿ ಎಂದು ಚಮಚದಕ್ಕ ಹೇಳಿ ಮೂರು ವಾರವಾಗಿತ್ತು. ದಿನಕ್ಕೆರಡು ಬಟ್ಟಲು ತಪ್ಪಿಸಿಲ್ಲ ಎಂದು ಅಜ್ಜಿ ಆಣೆ ಹಾಕುತ್ತಿದ್ದಳು. ಕೂಸು ಮಾತ್ರ ಬಿಳಿಚಿಕೊಂಡೇ ಇತ್ತು. ಮನೆಯ ಕೋಳಿಯೋ, ನಡೆದರೆ ಪಕ್ಕದ ಮನೆಯ ಪಾತ್ರೆ ಅಲುಗುವಷ್ಟು ಕೊಬ್ಬಿತ್ತು.

ಒಂದು ದಿನ ಚಮಚದಕ್ಕ ಒಲೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಅಜ್ಜಿ ಬೆಂದದ್ದನ್ನು ಬಟ್ಟೆಯಲ್ಲಿ ಹಿಂಡಿ, ತಿಳಿನೀರನ್ನು ಬಟ್ಟಲಿಗೆ ಬಿಟ್ಟು, ಗಸಿಯನ್ನೆಲ್ಲ ಹಿತ್ತಲಿಗೆ ಎಸೆದಳು. ಕೋಳಿ ಕಾದೇ ಇತ್ತು.

"ಅಜ್ಜಿ, ಸತ್ವ ಪೂರ್ತಿ ಕೋಳಿ ಹೊಟ್ಟೆಗೆ ಹೋಯ್ತು."

"ಹಲ್ಲಿಲ್ಲದ ಕೂಸು ಕಣೆ. ಗಟ್ಟಿ ಕೊಟ್ರೆ ಗಂಟಲಿಗೆ ಸಿಕ್ಕಲ್ವಾ? ಐದು ಮಕ್ಕಳನ್ನ ಸಾಕಿದೋಳು ನಾನು."

"ನಿಮಗೆಷ್ಟು ಹಲ್ಲಿದೆ?"

"ಎರಡು. ಅವೂ ಎದುರುಬದುರಿಲ್ಲ."

"ಹಂಗಾದ್ರೆ ಮಧ್ಯಾಹ್ನ ನೀರೇ ಉಂಡ್ರಾ?"

ಚಮಚದಕ್ಕ ಪಾತ್ರೆಯ ತಳದಲ್ಲಿ ಇನ್ನೂ ಉಳಿದಿದ್ದ ಬೇಳೆ ಸೊಪ್ಪನ್ನು ನುಣ್ಣಗೆ ಕಿವುಚಿ ಚಮಚವನ್ನು ಓರೆ ಮಾಡಿದಳು. ಕೂಸಿನ ಊಟ ಹೀಗೆ ಚಮಚದಿಂದ ಜಾರದೆ ನಿಲ್ಲಬೇಕು ಎಂದಳು. ಕೂಸು ಉಗಿದ ಮೊದಲ ತುತ್ತು ಅಜ್ಜಿಯ ಕೆನ್ನೆಗೆ ಬಂತು, ಎರಡನೆಯದು ಸೆರಗಿಗೆ. ಮೂರನೆಯದನ್ನು ಕೂಸು ನುಂಗಿ, ಚಮಚವನ್ನೇ ಹಿಡಿದು ಎಳೆಯಿತು.

ಅಂದಿನಿಂದ ಎದೆಹಾಲಿನ ಜೊತೆ ಡಾಕ್ಟರು ಬರೆದ ಕಬ್ಬಿಣಾಂಶದ ಹನಿ ಔಷಧಿ, ಕಿವುಚಿದ ಬೇಳೆ ಸೊಪ್ಪು, ವಾರಕ್ಕೊಮ್ಮೆ ಬೇಯಿಸಿ ಕಿವುಚಿದ ಈಲಿ, ಅಂದರೆ ಕುರಿಯ ಲಿವರು. ಗಡುವಿನ ದಿನ ಗುಂಡಿಯವಳು ಅರ್ಧ ದಿನ ರಜೆ ಹಾಕಿ ಡಾಕ್ಟರ ಬಳಿ ಬಂದು, ರಕ್ತಪರೀಕ್ಷೆಯ ಚೀಟಿ ಓದಲು ಧೈರ್ಯವಾಗದೆ ಚಮಚದಕ್ಕನ ಕೈಗೆ ತುರುಕಿದಳು. ಒಂಬತ್ತೂವರೆ. ಆಸ್ಪತ್ರೆಗೆ ಸೇರಿಸುವುದು ಬೇಡ, ಇದನ್ನೇ ಮುಂದುವರಿಸಿ ಎಂದರು ಡಾಕ್ಟರು.

ಗುಂಡಿಯವಳು ಕೂಸನ್ನು ಅವುಚಿಕೊಂಡು ತಿರುಗಿದರೆ ಅಜ್ಜಿ ನಾಪತ್ತೆ. ಹೊರಗಿನ ಬೆಂಚಿನಲ್ಲಿ ಮೊಮ್ಮಗಳಷ್ಟೇ ದೊಡ್ಡ ಕೂಸನ್ನು ಎತ್ತಿಕೊಂಡಿದ್ದ ಗುರುತಿಲ್ಲದ ಹೆಂಗಸೊಬ್ಬಳ ಪಕ್ಕ ಕೂತು, ಅವಳ ಬಟ್ಟಲಿನೊಳಗೆ ಇಣುಕುತ್ತಿದ್ದಳು.

"ಏನಮ್ಮ ಇದು, ಬರೀ ನೀರು? ತಿಳೀನ ನೀನು ಕುಡಿ, ಗಸೀನ ಮಗೂಗೆ ಕೊಡು."